ಅಗ್ರಾಸನದ ಭಾರ

ಕಳೆದ ತಿಂಗಳು ನಮ್ಮ ಕೈಸೇರಿದ ಪತ್ರಗಳಲ್ಲಿ ಒಂದನ್ನು ಈ ಸಲದ ಬರವಣಿಗೆಗೆ ಆಧಾರವಾಗಿ ತೆಗೆದುಕೊಂಡಿದ್ದೇನೆ. ಬರೆದವರು ಒಬ್ಬ ಗೃಹಿಣಿ. ಅವರ ಬಡಾವಣೆಯ ಹೆಂಗಸರು ಕೂಡಿ ಒಂದು ಮಹಿಳಾ ಸಮಾಜವನ್ನು ಸ್ಥಾಪಿಸಿದ್ದಾರೆ. ಸುಮಾರು 40 ಮಂದಿ ಸದಸ್ಯೆಯರು, ತಿಂಗಳಿಗೊಂದು ಸಭೆ, ಮಕ್ಕಳ ಆಟದ ಬಯಲು, ಬೀದಿಯ ದೀಪ, ಕಸದ ಗಾಡಿ, ಒಂದು ಚಿಕ್ಕ ಪುಸ್ತಕ ಭಂಡಾರ, ಇವೇ ಸಮಾಜದ ಉದ್ದೇಶಗಳು. ಮೊದಲನೆಯ ವರ್ಷಕ್ಕೆ ಈ ಸೋದರಿಯನ್ನೇ ಅಧ್ಯಕ್ಷೆಯನ್ನಾಗಿ ಆರಿಸಿದ್ದಾರೆ. “ನನಗೆ ಭಾಷಣ ಮಾಡಲು ಬಾರದು. ನಾಲ್ಕು ಜನರ ಮುಂದೆ ನಿಂತರೆ ಗಂಟಲು ಕಟ್ಟುತ್ತದೆ. ಅಗ್ರಾಸನದಲ್ಲಿ ಕುಳಿತವಳು ಏನೇನು ಮಾತನಾಡಬೇಕೆಂಬುದನ್ನು ದಯವಿಟ್ಟು ಬರೆದು ಕಳುಹಿಸಿರಿ, ಬಾಯಿಪಾಠ ಮಾಡಿಕೊಳ್ಳುತ್ತೇನೆ” ಎಂದು ಕೇಳಿದ್ದಾರೆ.

ಈ ಪತ್ರವನ್ನು ಓದಿ ನನಗೆ ನಗು ಬರಲಿಲ್ಲ, ಸಂತೋಷವೇ ಆಯಿತು. ಭಾಷಣ ಬಾರದವರು ಅಗ್ರಾಸನವನ್ನೇರುವುದು ನಮ್ಮ ನಾಡಿನಲ್ಲಿ ಅಪರೂಪವಾದ ಸಂಗತಿ. ಸಾಮಾನ್ಯವಾಗಿ ನಾವು ಮಾಡುವುದು ಹೇಗೆಂದರೆ, ಊರಿನಲ್ಲಿ ಯಾರು ಹೆಚ್ಚು ಹೊತ್ತು ಮಾತನಾಡಬಲ್ಲರೋ ಅವರನ್ನು ಕರೆತಂದು, ಹಾರ ಹಾಕಿ, ನಡುವಣ ಕುರ್ಚಿಯ ಮೇಲೆ ಕುಳ್ಳಿರಿಸುತ್ತೇವೆ. ಅವರು ಮೊದಲು ಅರ್ಧ ಗಂಟೆ ಮಾತನಾಡುತ್ತಾರೆ. ನಡುನಡುವೆ ಒಬ್ಬೊಬ್ಬರ ಮಾತಿಗೂ ಉತ್ತರ ಕೊಡುತ್ತಾರೆ. ಕೊನೆಯಲ್ಲಿ ಉಪಸಂಹಾರವೆಂದು ಮತ್ತೆ ಮುಕ್ಕಾಲು ಗಂಟೆ ಮಾತನಾಡುತ್ತಾರೆ. ವಂದನಾರ್ಪಣೆಯಾಗುತ್ತದೆ. ಜನ ಎದ್ದು ಮನೆಗೆ ಹೋಗುತ್ತಾರೆ. ಇದು ಉಪನ್ಯಾಸವಾಯಿತೇ ಹೊರತು ಸಭೆಯಾಗಲಿಲ್ಲ. ನಾಲ್ವರು ಕೂಡಿ ಒಂದು ವಿಷಯವನ್ನು ವಿಚಾರಮಾಡಿ ನಿಶ್ಚಯಕ್ಕೆ ಬರುವ ಸ್ಥಳದಲ್ಲಿ ಅಗ್ರಾಸನದಲ್ಲಿರುವವರ ಕೆಲಸ ಮಾತನಾಡುವುದಲ್ಲ, ಮಾತನಾಡಿಸುವುದು. ಈ ಒಂದು ಅಂಶ ಮನಸ್ಸಿನಲ್ಲಿ ನಿಂತರೆ ಸೋದರಿಯವರು ಬಾಯಿಪಾಠ ಮಾಡಬೇಕಾದುದೇನೂ ಉಳಿಯುವುದಿಲ್ಲ.

ನಮ್ಮ ನಾಡಿಗೆ ಇದು ಹೊಸ ಮಾತೇನೂ ಅಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಗೋಷ್ಠಿಗೆ ಅಲ್ಲಮಪ್ರಭುವು ಅಧ್ಯಕ್ಷನಾಗಿದ್ದನೆಂಬುದು ಪರಂಪರೆಯ ನಂಬಿಕೆ. ಆತನು ಕುಳಿತ ಪೀಠಕ್ಕೆ ಶೂನ್ಯಸಿಂಹಾಸನವೆಂದು ಹೆಸರು. ಆ ಗೋಷ್ಠಿಯ ಸಂವಾದಗಳನ್ನು ಚಿತ್ರಿಸುವ ‘ಶೂನ್ಯಸಂಪಾದನೆ’ಯು ಹುಟ್ಟಿದುದು 15ನೆಯ ಶತಮಾನದಲ್ಲಿ, ಆದುದರಿಂದ ಅದನ್ನು ಕಣ್ಣಾರೆ ಕಂಡವರ ವರದಿಯೆಂದು ಎಣಿಸತಕ್ಕದ್ದಲ್ಲ. ಆದರೂ ಅದರಲ್ಲಿ ಬರುವ ಪ್ರಭುವಿನ ನಡವಳಿಕೆಯು ಗಮನಾರ್ಹವಾದುದು. ಆತನು ಬಂದವರನ್ನು ಪ್ರಶ್ನಿಸುತ್ತಾನೆ, ಕೆಣಕುತ್ತಾನೆ, ಮತ್ತೆ ಪ್ರಶ್ನಿಸುತ್ತಾನೆ. ಅಕ್ಕಮಹಾದೇವಿಯು ಬಂದಾಗಲೂ ಪ್ರಶ್ನೆಗಳಿಗೆ ವಿನಾಯಿತಿಯಿಲ್ಲ. ಆದರೆ ಉತ್ತರ ಕೊಡಲು ಆಕೆಗೆ ದೊರೆತ ಅವಕಾಶಕ್ಕೂ ಕೊರತೆಯಿಲ್ಲ.

ಗಂಟಲು ಕಟ್ಟುವುದೆಂಬ ಭಯದ ವಿಷಯದಲ್ಲಿ ಸೋದರಿಯವರಿಗೆ ಸಮಾಧಾನವಾಗುವಂತಹ ಒಂದು ವೃತ್ತಾಂತವುಂಟು. ಅಮೆರಿಕದ ಸೈನ್ಯದಲ್ಲಿ ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ತರುಣ ಇಂಜಿನಿಯರನಿದ್ದನು. 1863ರಲ್ಲಿ ನ್ಯೂ ಬೆಡ್‌ಫರ್ಡ್ ಎಂಬ ಪಟ್ಟಣದಲ್ಲಿ ಒಂದು ಚರ್ಚಿನ ಸಭೆಗೆ ಅಗ್ರಾಸನಾಧಿಪತಿಯಾಗುವಂತೆ ಅವನನ್ನು ಹಠಾತ್ತಾಗಿ ಕೇಳಿದರು. ಸಭೆ ನಡೆಸುವ ಕ್ರಮವೊಂದೂ ಅವನಿಗೆ ತಿಳಿಯದು. ಸಭೆಯು ಕೈಮೀರಿ ಗೊಂದಲವಾಯಿತು. ಅವನು ನಾಚಿಕೆಯಿಂದ ತಲೆತಗ್ಗಿಸಿದನು. ಈ ಶಾಸ್ತ್ರವನ್ನು ಸ್ವಲ್ಪವಾದರೂ ಕಲಿಯದೆ ಇನ್ನೊಂದು ಸಭೆಗೆ ಹೋಗಲಾರೆನೆಂದು ಅಂದೇ ನಿಶ್ಚಯಿಸಿದನಂತೆ. ಮುಂದೆ 13 ವರ್ಷಗಳ ಮೇಲೆ, 1876ರಲ್ಲಿ, ಸಭಾಕ್ರಮವನ್ನು ಕುರಿತ ಒಂದು ಚಿಕ್ಕ ಪುಸ್ತಕವನ್ನು ತನ್ನ ಖರ್ಚಿನಿಂದಲೇ 4,000 ಪ್ರತಿ ಅಚ್ಚುಹಾಕಿಸಿದನು. ಅದು ಇಂದಿಗೂ ಪರಿಷ್ಕಾರ ಹೊಂದುತ್ತ ಬಳಕೆಯಲ್ಲಿದೆ. ಅದರ ನಿಯಮಗಳೆಲ್ಲ ನಮ್ಮ ಬಡಾವಣೆಯ ಸಮಾಜಗಳಿಗೆ ಬೇಕಿಲ್ಲ. ಎರಡು ಮಾತ್ರ ಬೇಕು. ಒಂದು: ಒಂದು ವಿಷಯದ ಮೇಲೆ ಇನ್ನೂ ಮಾತನಾಡದವರು ಎದ್ದಾಗ, ಆಗಲೇ ಮಾತನಾಡಿದವರಿಗಿಂತ ಅವರಿಗೇ ಮೊದಲು ಅವಕಾಶ ಸಲ್ಲಬೇಕು. ಇನ್ನೊಂದು: ದೊಡ್ಡ ಸಭೆಯಲ್ಲಿ ಅಧ್ಯಕ್ಷರು ತಾವೇ ವಾದಕ್ಕಿಳಿಯಕೂಡದು, ಇಳಿಯಲೇಬೇಕಾದರೆ ಆ ವಿಷಯ ಮುಗಿಯುವವರೆಗೆ ಕುರ್ಚಿಯನ್ನು ಬೇರೊಬ್ಬರಿಗೆ ಬಿಟ್ಟು ಕೆಳಗಿಳಿದು ಬರಬೇಕು.

ಸಭೆಗೆ ಮುಂಚೆ ಆಗಬೇಕಾದ ಕೆಲಸಗಳು ಎಲ್ಲರಿಗೂ ಗೊತ್ತಿದ್ದುವೇ. ಯಾವ ದಿನ, ಎಷ್ಟು ಗಂಟೆ, ಯಾವ ಯಾವ ವಿಷಯಗಳು ಎಂಬ ತಿಳಿವಳಿಕೆ ಪತ್ರವನ್ನು ಕಾರ್ಯದರ್ಶಿಯು ನಾಲ್ಕಾರು ದಿನ ಮೊದಲೇ ಮನೆಮನೆಗೆ ಮುಟ್ಟಿಸತಕ್ಕದ್ದು. ಅದರಲ್ಲಿಲ್ಲದ ದೊಡ್ಡ ವಿಷಯವನ್ನು ಅಂದೇ ತಂದು ಅಂದೇ ತೀರ್ಮಾನಿಸಕೂಡದು. ಹಾಗೆ ಮಾಡಿದರೆ ಬಾರದವರಿಗೆ ಅನ್ಯಾಯವಾಗುತ್ತದೆ. ಇಷ್ಟು ಸಾಕು. ಕುಳಿತುಕೊಳ್ಳುವ ರೀತಿಯ ವಿಷಯದಲ್ಲಿ ಮಾತ್ರ ಒಂದು ಮಾತು: ಜಮಖಾನದ ಮೇಲೆ ವರ್ತುಲವಾಗಿ ಕುಳಿತರೆ ಹಿಂದಿನ ಸಾಲು ಎಂಬುದೇ ಇರುವುದಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತವರ ದನಿ ಮುಂದಕ್ಕೆ ಬರುವುದು ಎಷ್ಟು ಕಷ್ಟವೆಂಬುದನ್ನು ಬಲ್ಲೆನಾದುದರಿಂದ ಇದನ್ನು ಹೇಳುತ್ತಿದ್ದೇನೆ.

ಅದನ್ನು ನಾನು ಕಲಿತ ಬಗೆಯನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಬಹಳ ವರ್ಷಗಳ ಹಿಂದೆ ಒಂದು ಚಿಕ್ಕ ಪಟ್ಟಣದ ಸಹಕಾರ ಸಂಘದ ವಾರ್ಷಿಕ ಸಭೆಗೆ ನಾನು ಅಧ್ಯಕ್ಷೆಯಾಗಿದ್ದೆ. ಉಗ್ರಾಣಕ್ಕಾಗಿ ಒಂದು ನಿವೇಶನವನ್ನು ಕೊಳ್ಳಬೇಕೆಂಬುದು ಅಂದಿನ ಮುಖ್ಯ ವಿಷಯ. ಮೂವರು ಮಹನೀಯರು ನಿವೇಶನದ ಬೆಲೆ, ರಸ್ತೆಯ ಸೌಕರ್ಯ, ಮುಂದೆ ಬರಲಿರುವ ಲಾಭ ಇವುಗಳನ್ನು ವಿಸ್ತಾರವಾಗಿ ವರ್ಣಿಸಿದರು. ಹೇಳಿದುದನ್ನೇ ಇನ್ನೊಮ್ಮೆ ಹೇಳಿದರು. ಅಷ್ಟರಲ್ಲಿ ಹೊತ್ತು ಮುಳುಗಿತು. ಹಿಂದುಗಡೆ ಗೋಡೆಗೊರಗಿ ಕುಳಿತಿದ್ದ ಒಬ್ಬ ವೃದ್ಧೆ ಎರಡು ಸಲ ಎದ್ದು ನಿಂತರು. ಎರಡು ಸಲವೂ ನಾನು, “ಸ್ವಲ್ಪ ಕೂತ್ಕೊಳ್ಳಿ ಅಜ್ಜಿ, ನಿಮ್ಮ ಸಾಲದ ವಿಷಯ ಆಮೇಲೆ ನೋಡೋಣ” ಎಂದೆ. ಅವರು ಸಾಲದ ವಿಷಯವನ್ನೇ ಕೇಳಲು ಎದ್ದರೆಂದು ನನಗೆ ಹೇಳಿದವರು ಯಾರು? ಯಾರೂ ಇಲ್ಲ. ನಾನೇ ಹಾಗೆ ಊಹಿಸಿಕೊಂಡೆ. ಬಳಿಕ ಸಭೆಯ ಕಡೆ ತಿರುಗಿ, “ಎಲ್ಲರಿಗೂ ಒಪ್ಪಿಗೆ ತಾನೆ?” ಎಂದು ಕೇಳಿದೆ. ಯಾರೂ ಮಾತನಾಡಲಿಲ್ಲ. ಸರ್ವಾನುಮತದಿಂದ ಠರಾವಾಯಿತೆಂದು ಬರೆಯಿಸಿದೆ.

ಉಗ್ರಾಣವೆದ್ದ ಮೇಲೆ ಎರಡನೆಯ ಮಳೆಗಾಲದಲ್ಲಿ ಮೊಳಕಾಲೆತ್ತರ ನೀರು ಒಳಗೆ ನುಗ್ಗಿ ಅಕ್ಕಿಯ ಮೂಟೆಗಳು ಕೊಳೆತುಹೋದುವು. ಆ ಜಾಗವು ಹಳೆಯ ಕೆರೆಯ ಕೋಡಿಯ ನೀರು ಹರಿಯುವ ದಾರಿ. ಕೆರೆ ತುಂಬಿದ ವರ್ಷ ಮಾತ್ರ ಅದು ತನ್ನ ಗುಣವನ್ನು ತೋರಿಸುತ್ತಿತ್ತು. ಆ ವೃದ್ಧೆಯ ಗುಡಿಸಲು ಅದರ ಪಕ್ಕದಲ್ಲೇ ಇತ್ತು. ಆಮೇಲೆ ಒಮ್ಮೆ ಸಂತೆಯಲ್ಲಿ ಎದುರಾದಾಗ ಅವರು ಕೋಪಮಾಡಲಿಲ್ಲ. “ಅವತ್ತೇ ಹೇಳೋಣ ಅಂತ ಎದ್ದಿದ್ದೆ ಕಣಮ್ಮ, ನೀವೇ ಕೂರಿಸಿದ್ರಿ” ಎಂದಷ್ಟೇ ಅಂದು ಸೊಪ್ಪಿನ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಹೋದರು. ಸಂಘದ ಸಭೆಗೆ ಮತ್ತೆ ಬರಲಿಲ್ಲ. ಅಕ್ಕಿಯ ನಷ್ಟವನ್ನು ಸಂಘವು ಕೆಲವು ವರ್ಷಗಳಲ್ಲಿ ತುಂಬಿಕೊಂಡಿತು.

ಮೌನವು ಸಮ್ಮತಿಯ ಲಕ್ಷಣವೆಂದು ನಾವು ಮದುವೆಯ ಮಾತುಕತೆಗಳಲ್ಲಿ ಹೇಳುತ್ತ ಬಂದಿದ್ದೇವೆ. ಅಲ್ಲಿಯೂ ಅದು ಎಷ್ಟರಮಟ್ಟಿಗೆ ನಿಜವೋ ಹೆಣ್ಣುಮಕ್ಕಳನ್ನೇ ಕೇಳಬೇಕು. ಸಭೆಯಲ್ಲಂತೂ ಅದು ಶುದ್ಧ ತಪ್ಪು. ಮೌನಕ್ಕೆ ನೂರು ಕಾರಣಗಳುಂಟು. ಸೊಸೆಯು ಸುಮ್ಮನಿರುವುದು ಅತ್ತೆಯು ಎದುರಿಗೆ ಕುಳಿತಿರುವುದರಿಂದ. ಬಾಡಿಗೆಯ ಮನೆಯವರು ಸುಮ್ಮನಿರುವುದು ಮನೆಯ ಒಡತಿ ಮಾತನಾಡಿ ಮುಗಿಸಿರುವುದರಿಂದ. ಮನೆಗೆಲಸಕ್ಕೆ ಬರುವ ಹೆಂಗಸು ಸದಸ್ಯೆಯಾಗಿದ್ದರೆ, ಅವಳು ಸುಮ್ಮನಿರುವ ಕಾರಣವನ್ನು ನಾನು ವಿವರಿಸಬೇಕಾಗಿಲ್ಲ. ಓದುಬರಹ ಹೆಚ್ಚಾಗಿಲ್ಲದವರು, ತಮ್ಮ ಮಾತು ಎಲ್ಲಿ ನಗೆಪಾಟಲಾಗುವುದೋ ಎಂದು ಅಂಜುತ್ತಾರೆ. “ಎಲ್ಲರಿಗೂ ಒಪ್ಪಿಗೆಯೇ?” ಎಂಬ ಪ್ರಶ್ನೆಗೆ ಇವರಲ್ಲಿ ಯಾರೂ ‘ಇಲ್ಲ’ವೆನ್ನಲಾರರು. ಅದರ ಬದಲು, “ಇದರಿಂದ ಯಾರಿಗಾದರೂ ತೊಂದರೆಯುಂಟೆ?” ಎಂದು ಕೇಳಬೇಕು; ಕೇಳಿದ ಮೇಲೆ ಒಂದಿಷ್ಟು ಹೊತ್ತು ಕಾಯಬೇಕು. ಆ ಕಾಯುವಿಕೆಯೇ ಕಷ್ಟ. ಎಲ್ಲರೂ ಸುಮ್ಮನಿದ್ದಾಗ ಅಗ್ರಾಸನದಲ್ಲಿರುವವರಿಗೆ ಏನಾದರೂ ಹೇಳಿ ಆ ಮೌನವನ್ನು ತುಂಬಬೇಕೆಂಬ ಚಡಪಡಿಕೆ ಹುಟ್ಟುತ್ತದೆ. ಗಂಟಲು ಕಟ್ಟುವ ಸೋದರಿಗೆ ಇಲ್ಲಿ ನಮ್ಮೆಲ್ಲರಿಗಿಂತ ಹೆಚ್ಚಿನ ಅನುಕೂಲವಿದೆ.

ಹೆಸರು ಹಿಡಿದು ಕೇಳುವುದೂ ಒಂದು ಉಪಾಯ. ಆದರೆ ಅಂಜುವವರನ್ನು ಎಲ್ಲರ ಮುಂದೆ ಫಕ್ಕನೆ ಎಬ್ಬಿಸಿ ನಿಲ್ಲಿಸಿದರೆ ಅವರು ಇನ್ನಷ್ಟು ಮುದುಡಿಕೊಳ್ಳುತ್ತಾರೆ. ಸಭೆಗೆ ಮುಂಚೆಯೇ, ಬಾವಿಕಟ್ಟೆಯ ಬಳಿಯೋ ತರಕಾರಿಯ ಗಾಡಿಯ ಬಳಿಯೋ ಸಿಕ್ಕಾಗ, “ನೀರಿನ ವಿಷಯ ಬರಲಿದೆ, ನಿಮ್ಮ ಸಾಲಿನ ಮನೆಗಳ ಸಂಗತಿ ನಿಮಗೆ ಗೊತ್ತು, ನಾನು ಕೇಳುತ್ತೇನೆ, ಹೇಳುವಿರಾ?” ಎಂದು ಮೊದಲೇ ತಿಳಿಸಿಟ್ಟರೆ ಅವರು ಸಿದ್ಧರಾಗಿ ಬರುತ್ತಾರೆ.

ಇನ್ನು ಮಾತು ಹೆಚ್ಚಾದವರ ವಿಷಯ. ಅಂಥವರು ಪ್ರತಿಯೊಂದು ಸಮಾಜದಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಎಷ್ಟೋ ವೇಳೆ ಕೆಲಸವನ್ನೂ ಅವರೇ ಹೆಚ್ಚಾಗಿ ಮಾಡುತ್ತಾರೆ. ಆದುದರಿಂದ ಅವರನ್ನು ಸಭೆಯಲ್ಲಿ ಗದರಿಸಿ ಕೂರಿಸುವುದು ಕೃತಘ್ನತೆಯಾದೀತು. ಅವರಿಗೆ ಏಕಾಂತದಲ್ಲಿ ಹೇಳಬೇಕು. ಮತ್ತು ಮಾತಿಗೆ ಇಂತಿಷ್ಟು ನಿಮಿಷವೆಂಬ ನಿಯಮವನ್ನು ಸಭೆಯಿಂದಲೇ ಮಾಡಿಸಿ, ಎಲ್ಲರಿಗೂ ಒಂದೇ ಸಮನಾಗಿ ನಡೆಯಿಸಬೇಕು. ಅಧ್ಯಕ್ಷೆಯ ಸ್ವಂತ ನಾದಿನಿಗೆ ಹತ್ತು ನಿಮಿಷ, ಉಳಿದವರಿಗೆ ಮೂರು ನಿಮಿಷ ಎಂದಾದರೆ ಆ ನಿಯಮವು ಅಂದೇ ಸತ್ತಂತೆ.

ಜಗಳ ಹುಟ್ಟಿದರೆ ಏನು ಮಾಡಬೇಕೆಂದೂ ಪತ್ರದಲ್ಲಿ ಕೇಳಿದ್ದಾರೆ. ಅಭಿಪ್ರಾಯಗಳು ಘರ್ಷಿಸಿದ ಮಾತ್ರಕ್ಕೆ ಅದು ಜಗಳವಲ್ಲ. ಹೆದರಿ ಅದನ್ನು ಅಡಗಿಸಹೋಗಬಾರದು. “ಕಸದ ತೊಟ್ಟಿ ಆ ಮೂಲೆಯಲ್ಲಿರಕೂಡದು” ಎಂದರೆ ಅದು ವಿಷಯ. “ನಿಮ್ಮ ಮನೆಯವರಿಗೆ ಶುಚಿತ್ವದ ಗಂಧವೇ ಇಲ್ಲ” ಎಂದರೆ ಅದು ವ್ಯಕ್ತಿಯ ಮೇಲೆ ಬಂತು. ಗೆರೆ ಎಳೆಯಬೇಕಾದುದು ಅಲ್ಲಿ. ಎರಡನೆಯ ಬಗೆಯ ಮಾತು ಬಂದ ಒಡನೆಯೇ, ಆಡಿದವರು ಯಾರೇ ಆಗಿರಲಿ, “ಆ ಮಾತು ಸಭೆಗೆ ಬೇಡ, ತೊಟ್ಟಿಯ ವಿಷಯ ಹೇಳಿ” ಎಂದು ಸಣ್ಣ ದನಿಯಲ್ಲೇ ತಡೆಯಬೇಕು. ತಡೆದ ಕಾರಣವನ್ನೂ ಹೇಳಬೇಕು. ಕಾರಣ ಹೇಳದೆ ಒಬ್ಬರ ಬಾಯಿ ಮುಚ್ಚಿಸಿದರೆ, ಅವರು ಮಾತ್ರವಲ್ಲ, ಪಕ್ಕದಲ್ಲಿ ಕುಳಿತವರೂ ಮುಂದಿನ ಸಲ ಬಾಯಿ ತೆರೆಯುವ ಮುನ್ನ ಹಿಂದುಮುಂದು ನೋಡುತ್ತಾರೆ. ಎಷ್ಟು ಹೇಳಿದರೂ ಕೇಳದವರನ್ನು ಸಭೆಯಿಂದ ಹೊರಗಿಡುವ ಪ್ರಸಂಗ ಎಂದಾದರೂ ಬಂದೀತು. ಅದನ್ನು ಅಧ್ಯಕ್ಷೆಯೊಬ್ಬಳೇ ನಿರ್ಧರಿಸಕೂಡದು. ನಾಲ್ಕು ಜನ ಕೂತು ಯೋಚಿಸಬೇಕು, ಎಷ್ಟು ದಿನದ ಮಟ್ಟಿಗೆಂದು ಹೇಳಬೇಕು, ಮರಳಿ ಬರುವ ದಾರಿಯನ್ನು ತೆರೆದಿಡಬೇಕು. ನೆರೆಹೊರೆಯೆಂಬುದು ಒಂದು ಸಭೆಗೆ ಮುಗಿಯುವ ಸಂಬಂಧವಲ್ಲವಷ್ಟೆ.

ಎಲ್ಲಕ್ಕಿಂತ ಬಿಕ್ಕಟ್ಟಿನ ಗಳಿಗೆಯೆಂದರೆ ದೂರು ಅಧ್ಯಕ್ಷೆಯ ಮೇಲೆಯೇ ಬಂದಾಗ. ಇದಕ್ಕೆ ನಮ್ಮ ಮೈಸೂರಿನ ಚರಿತ್ರೆಯಲ್ಲೇ ದೊಡ್ಡ ನಿದರ್ಶನವಿದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯು ಸ್ಥಾಪಿತವಾಯಿತು. ಆ ವರ್ಷದ ದಸರೆಯ ಕಾಲದಲ್ಲಿ 144 ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ನೆರೆದರು. ರೈತರೂ ವರ್ತಕರೂ ಬಂದು ಸರ್ಕಾರದ ಮುಂದೆ ತಮ್ಮ ಕಷ್ಟಗಳನ್ನು ಹೇಳಿಕೊಳ್ಳುವುದು ಆ ಕಾಲದ ದೇಶೀಯ ಸಂಸ್ಥಾನಗಳಲ್ಲಿ ಹೊಸ ಸಂಗತಿಯೇ ಸರಿ. ಅದರ ಕೀರ್ತಿ ಅದಕ್ಕೆ ಸಲ್ಲಬೇಕು. ಆದರೆ ಅಗ್ರಾಸನದಲ್ಲಿದ್ದವರು ಯಾರು? ದಿವಾನರೇ. ದೂರು ಯಾರ ಆಡಳಿತದ ಮೇಲೆ? ದಿವಾನರ ಆಡಳಿತದ ಮೇಲೆಯೇ. ಸಭೆಗೆ ಕೇಳುವ ಅವಕಾಶವಿತ್ತೇ ಹೊರತು ತೀರ್ಮಾನಿಸುವ ಅಧಿಕಾರವಿರಲಿಲ್ಲ. 1949ರಲ್ಲಿ ಆ ಸಭೆಯು ಕೊನೆಗೊಂಡಿತು; ಆದರೆ ಅದರ ಈ ತೊಡಕು ಕೊನೆಗೊಳ್ಳಲಿಲ್ಲ. ಇಂದಿನ ಗ್ರಾಮಸಭೆಗೂ ಗ್ರಾಮ ಪಂಚಾಯತಿಯ ಅಧ್ಯಕ್ಷರೇ ಅಧ್ಯಕ್ಷರು; ಹಳ್ಳಿಯವರು ಕೇಳಬೇಕಾದ ಪ್ರಶ್ನೆಗಳೋ ಬಹುಪಾಲು ಪಂಚಾಯತಿಯ ಕೆಲಸವನ್ನು ಕುರಿತೇ ಇರುತ್ತವೆ.

ಈ ತೊಡಕನ್ನು ಬಿಡಿಸಲು ಒಂದು ಒಳ್ಳೆಯ ಪ್ರಯತ್ನವೂ ನಡೆದಿತ್ತು. 2005ರ ಉದ್ಯೋಗ ಖಾತರಿ ಕಾಯಿದೆಯ ಕೆಳಗೆ, ಹಳ್ಳಿಯ ಕೆಲಸಗಳ ಲೆಕ್ಕವನ್ನು ಹಳ್ಳಿಯವರ ಮುಂದೆಯೇ ಓದಿ ಪರಿಶೋಧಿಸುವ ಸಭೆಯೊಂದನ್ನು ಗೊತ್ತುಮಾಡಿದ್ದರು. ಪಂಚಾಯತಿಗೂ ಆ ಕೆಲಸ ಮಾಡಿಸಿದ ಇಲಾಖೆಗೂ ಸೇರದ ಒಬ್ಬರು ಅದಕ್ಕೆ ಅಧ್ಯಕ್ಷರಾಗಬೇಕೆಂದು ನಿಯಮವಿತ್ತು. ಅದು ಎಲ್ಲೆಡೆಯಲ್ಲೂ ಸರಿಯಾಗಿ ನಡೆಯಿತೆಂದು ನಾನು ಹೇಳಲಾರೆ. ಆದರೆ ಯೋಚನೆ ನ್ಯಾಯವಾದುದು. ಬಡಾವಣೆಯ ಸಮಾಜದಲ್ಲೂ, ಅಧ್ಯಕ್ಷೆಯ ಕೆಲಸದ ಮೇಲೆ ಆಕ್ಷೇಪಣೆ ಬಂದ ದಿನ ಅವಳು ತಾನಾಗಿಯೇ ಎದ್ದು, “ಈ ವಿಷಯ ಮುಗಿಯುವವರೆಗೆ ನೀವು ಇಲ್ಲಿ ಕುಳಿತುಕೊಳ್ಳಿ” ಎಂದು ಹಿರಿಯರೊಬ್ಬರಿಗೆ ಸ್ಥಾನ ಬಿಟ್ಟುಕೊಟ್ಟು, ಎಲ್ಲರಂತೆ ಜಮಖಾನದ ಮೇಲೆ ಕುಳಿತು ಉತ್ತರ ಹೇಳಲಿ. ಅವಳ ಮರ್ಯಾದೆಗೆ ಅದರಿಂದ ಕುಂದಿಲ್ಲ.

ಕಾರ್ಯದರ್ಶಿಯ ವಿಷಯವನ್ನು ಹಗುರವಾಗಿ ಎಣಿಸಬಾರದು. ಮಾತು ಗಾಳಿಗೆ ಹೋಗುತ್ತದೆ; ನಡೆವಳಿ ಪುಸ್ತಕದಲ್ಲಿ ಬರೆದದ್ದೇ ನಿಲ್ಲುತ್ತದೆ. ಯಾರು ಚೆನ್ನಾಗಿ ಬರೆಯಬಲ್ಲರು ಎಂಬುದಕ್ಕಿಂತಲೂ ಯಾರು ತಮಗೆ ಹಿಡಿಸದ ಮಾತನ್ನೂ ಹೇಳಿದಂತೆಯೇ ಬರೆಯಬಲ್ಲರು ಎಂಬುದನ್ನು ನೋಡಿ ಆ ಪುಸ್ತಕವನ್ನು ಒಪ್ಪಿಸಬೇಕು. ಒಪ್ಪದವರಿದ್ದರೆ, ಒಪ್ಪದವರು ಇಂಥವರು, ಕಾರಣ ಇದು, ಎಂದು ಒಂದು ಸಾಲು ಬರೆಯಲಿ. ಅಂದಿನ ಠರಾವುಗಳನ್ನು ಅಂದೇ, ಜನ ಏಳುವ ಮುನ್ನ, ಗಟ್ಟಿಯಾಗಿ ಓದಿ ಹೇಳಲಿ. ಅಕ್ಷರ ಬಾರದ ಸದಸ್ಯೆಗೆ ಅದೊಂದೇ ರಕ್ಷಣೆ. ನಾನು ‘ಸರ್ವಾನುಮತ’ವೆಂದು ಬರೆಯಿಸಿದ ಠರಾವನ್ನು ಅಂದು ಹಾಗೆ ಓದಿಸಿದ್ದರೆ, ಆ ಅಜ್ಜಿ ಮೂರನೆಯ ಸಲ ಎದ್ದು ನಿಲ್ಲುತ್ತಿದ್ದರೋ ಏನೋ.

ಅಧ್ಯಕ್ಷೆಯ ಅವಧಿಯ ಮಾತೊಂದು ಉಳಿದಿದೆ. “ಒಮ್ಮೆ ಆರಿಸಿದ ಮೇಲೆ ನನ್ನನ್ನೇ ಮುಂದುವರಿಸಿಬಿಡುತ್ತಾರೆ, ಹೇಗೆ ತಪ್ಪಿಸಿಕೊಳ್ಳಲಿ?” ಎಂದು ಪತ್ರದ ಅಂಚಿನಲ್ಲಿ ಬರೆದಿದ್ದಾರೆ. ಕರ್ನಾಟಕದಲ್ಲಿ ಕೆಲಸಮಾಡುತ್ತಿದ್ದ ಮೈರಾಡ ಸಂಸ್ಥೆಯು ಕಟ್ಟಿಸಿದ್ದ ದೊಡ್ಡ ಸಹಕಾರ ಸಂಘಗಳಲ್ಲಿ ಕೆಲವು 1984-85ರ ಸುಮಾರಿಗೆ ಒಡೆದುಹೋದುವು; ಸದಸ್ಯರಿಗೆ ಮುಖಂಡರಲ್ಲಿ ನಂಬಿಕೆ ಹೋಗಿದ್ದುದು ಅದಕ್ಕೊಂದು ಕಾರಣ. ಆಗ ಪರಸ್ಪರ ವಿಶ್ವಾಸವಿದ್ದವರು ಚಿಕ್ಕ ಚಿಕ್ಕ ಗುಂಪುಗಳಾಗಿ ಕೂಡಿದರು. ನಾವಿಂದು ಸ್ವಸಹಾಯ ಸಂಘವೆಂದು ಕರೆಯುವ ಏರ್ಪಾಡಿನ ಬೇರುಗಳಲ್ಲಿ ಅದೂ ಒಂದು. 2000-01ರಲ್ಲಿ ಸರ್ಕಾರವು ಆರಂಭಿಸಿದ ಸ್ತ್ರೀಶಕ್ತಿ ಸಂಘಗಳನ್ನು ನಮ್ಮ ಓದುಗರು ತಮ್ಮ ಊರುಗಳಲ್ಲಿ ಕಂಡೇ ಇರುತ್ತಾರೆ. ಗುಂಪು 20ಕ್ಕೆ ಮೀರದಿರುವುದರಿಂದ ಹಿಂದಿನ ಸಾಲೆಂಬುದು ಅಲ್ಲಿಲ್ಲ. ಒಳ್ಳೆಯ ಸಂಘಗಳಲ್ಲಿ ಮುಂದಾಳುಗಳನ್ನು ಆಗಾಗ ಬದಲಾಯಿಸುತ್ತಾರೆ. ಇಂದು ಬಾಗಿಲ ಬಳಿ ಕುಳಿತವಳು ಒಂದೆರಡು ವರ್ಷಗಳಲ್ಲಿ ಲೆಕ್ಕದ ಪುಸ್ತಕವನ್ನು ಹಿಡಿದು ಬ್ಯಾಂಕಿಗೆ ಹೋಗುತ್ತಾಳೆ. ಅವಧಿ ಒಂದೇ ವರ್ಷ, ಒಬ್ಬರೇ ಎರಡು ಸಲ ಕೂಡದು, ಎಂಬ ನಿಯಮವನ್ನು ಸೋದರಿಯವರು ಮೊದಲನೆಯ ಸಭೆಯಲ್ಲೇ ಮಾಡಿಸಿಬಿಡಲಿ. ಅಧಿಕಾರದ ರುಚಿ ಹತ್ತುವ ಮುಂಚೆ ಈ ನಿಯಮವನ್ನು ಮಾಡುವುದು ಸುಲಭ.

ಕೊನೆಗೆ, ಪತ್ರದಲ್ಲಿ ಹೇಳಿರುವ ಸಭೆಯ ವೇಳೆಯ ಬಗ್ಗೆ. ಎರಡನೆಯ ಶನಿವಾರ ಸಾಯಂಕಾಲ ಐದು ಗಂಟೆಗೆಂದು ಗೊತ್ತುಮಾಡಿದ್ದಾರಂತೆ. ಅದೇ ಪತ್ರದ ಇನ್ನೊಂದು ಕಡೆ, ತಮ್ಮ ಬಡಾವಣೆಯ ಕೆಳಗಿನ ಸಾಲಿನ ಮನೆಗಳಿಗೆ ದಿನ ಬಿಟ್ಟು ದಿನ ಸಂಜೆ ಐದರ ಮೇಲೆ ನಲ್ಲಿಯ ನೀರು ಬರುವುದೆಂದು ಅವರೇ ಬರೆದಿದ್ದಾರೆ. ಆ ಸಾಲಿನವರು ಕೊಡ ಬಿಟ್ಟು ಸಭೆಗೆ ಹೇಗೆ ಬಂದಾರು? ವೇಳೆಯನ್ನು ಮೂರು ಗಂಟೆಗೆ ಬದಲಾಯಿಸಲಿ. ಬದಲಾಯಿಸುವ ಮುಂಚೆ ಆ ಸಾಲಿನ ಮನೆಗಳಿಗೆ ಹೋಗಿ ಕೇಳಿ ಬರಲಿ. ಮೊದಲನೆಯ ಸಭೆ ಹೇಗೆ ನಡೆಯಿತೆಂಬುದನ್ನು ಬರೆದು ತಿಳಿಸಿದರೆ, ಅವರ ಅಪ್ಪಣೆಯಿದ್ದಲ್ಲಿ, ಇದೇ ಪುಟದಲ್ಲಿ ಪ್ರಕಟಿಸುವೆನು.